ಉರಿ ನಿಂತರೆ ಡಬ್ಬಿಗೆ

ನಾನು ದುಡಿದ ಹೊಲಿಗೆ ಕಾರ್ಖಾನೆಯಲ್ಲಿ ಒಂದು ಸಾಲಿಗೆ ಮೂವತ್ತು ಮಷೀನು, ಒಂದು ಬಿಲ್ಲೆ. ಬಿಲ್ಲೆಯೆಂದರೆ ಅಂಗೈಯಗಲದ ದುಂಡನೆಯ ಮರದ ತುಂಡು. ಎರಡೂ ಕಡೆ ಕೆಂಪು ಬಣ್ಣ, ಅಂಚಿನಲ್ಲೊಂದು ತೂತು, ತೂತಿಗೆ ದಾರ. ಸೂಪರ್‌ವೈಸರನ ಮೇಜಿನ ಪಕ್ಕದ ಮೊಳೆಯಲ್ಲಿ ಅದು ತೂಗುತ್ತಿರುತ್ತದೆ. ಬಾತ್‌ರೂಮಿಗೆ ಹೋಗುವವಳು ಅದನ್ನು ಕೊರಳಿಗೆ ಹಾಕಿಕೊಂಡು ಹೋಗಬೇಕು, ಬಂದು ಅದೇ ಮೊಳೆಗೆ ತೂಗುಹಾಕಬೇಕು. ಮೊಳೆ ಬರಿದಾಗಿದ್ದರೆ ಕಾಯಬೇಕು. ಕಾಯುವವರು ಯಾವಾಗಲೂ ನಾಲ್ಕೈದು ಜನ ಇರುತ್ತಿದ್ದರು. ಯಾರೂ ಎದ್ದು ನಿಂತು ಕಾಯುವಂತಿರಲಿಲ್ಲ. ಕೂತು, ಹೊಲಿಯುತ್ತಲೇ, ಓರೆಗಣ್ಣಿನಲ್ಲಿ ಮೊಳೆ ನೋಡುತ್ತ ಕಾಯಬೇಕು.

ಇಪ್ಪತ್ತೆರಡು ವರ್ಷ ನಾನು ಆ ಸಾಲಿನಲ್ಲಿ ಶರ್ಟಿಗೆ ಕಾಲರು ಕೂರಿಸಿದೆ. ಎಲ್ಲರಿಗೂ ನಾನು ಕಾಲರಕ್ಕ. ಕಣ್ಣು ಮಂಜಾಗಿ ಕೆಲಸ ಬಿಟ್ಟಾಗ ನನ್ನ ಸ್ಟೂಲಿನ ಮೇಲೆಯೇ ನನ್ನ ಮಗಳು ಕೂತಳು. ಅವಳ ಮೊದಲ ದಿನ ನಾನು ಹೇಳಿಕೊಟ್ಟದ್ದು ಕಾಲರಿನ ಮೂಲೆ ತಿರುಗಿಸುವುದನ್ನಲ್ಲ. "ಹೊರಡುವಾಗ ಒಂದು ಲೋಟ, ಊಟಕ್ಕೆ ಅರ್ಧ ಲೋಟ. ಅಷ್ಟೇ ನೀರು. ಬಾಯಿ ಒಣಗಿದ್ರೆ ನಾಲಿಗೆ ಆಡಿಸ್ಕೋ" ಎಂದಿದ್ದೆ.

ನೀರು ಕುಡಿದಷ್ಟು ಸುಲಭ ಎಂದು ಜನ ಹೇಳುತ್ತಾರೆ. ನಮ್ಮ ಸಾಲಿನಲ್ಲಿ ಅದಕ್ಕಿಂತ ಕಷ್ಟದ ಕೆಲಸ ಇನ್ನೊಂದಿರಲಿಲ್ಲ. ಕುಡಿದರೆ ಬಿಲ್ಲೆ ಬೇಕಾಗುತ್ತದೆ. ಬಿಲ್ಲೆ ತೆಗೆದರೆ ಮುಂದಿನವಳಿಗೆ ಹೋಗಬೇಕಾದ ಕಟ್ಟು ನಿಲ್ಲುತ್ತದೆ. ಕಟ್ಟು ನಿಂತರೆ ಸೂಪರ್‌ವೈಸರ್ ತಲೆಯೆತ್ತಿ ಗೋಡೆಯ ಗಡಿಯಾರ ನೋಡುತ್ತಾನೆ. ಬೈಯುವುದಿಲ್ಲ, ಗದರುವುದಿಲ್ಲ, ಗಡಿಯಾರ ನೋಡುತ್ತಾನೆ. ಅದಕ್ಕೇ ನಾವು ಅವನಿಗಿಟ್ಟ ಹೆಸರೂ ಗಡಿಯಾರ. ಒಂದು ವರ್ಷ ಇಡೀ ಕಾರ್ಖಾನೆಯಲ್ಲಿ ಅತಿ ಕಡಿಮೆ ಸಲ ಬಿಲ್ಲೆ ತೆಗೆದವಳು ಎಂದು ನನಗೆ ಬಹುಮಾನ ಕೊಟ್ಟರು. ನೀರಿನ ಜಗ್ಗು. ಸ್ಟೀಲಿನದು, ಹೊಟ್ಟೆಯ ಮೇಲೆ ಕಾರ್ಖಾನೆಯ ಹೆಸರು ಕೊರೆದದ್ದು. ಅದನ್ನು ಎದೆಗವಚಿಕೊಂಡು ಮನೆಗೆ ತಂದೆ. ನಗಬೇಕೆಂದು ಆಗ ತೋಚಲಿಲ್ಲ.

ಹೀಗೆ ತಡೆದುಕೊಂಡು ಕೂತವರಿಗೆ ಉರಿ ಬರುತ್ತದೆ. ಮೂತ್ರಕ್ಕೆ ಹೋದರೆ ಕಾದ ಸೂಜಿ ಎಳೆದ ಹಾಗಾಗುತ್ತದೆ. ಬಂದು ಕೂತ ಕೂಡಲೇ ಮತ್ತೆ ಹೋಗಬೇಕೆನಿಸುತ್ತದೆ, ಹೋದರೆ ನಾಲ್ಕು ಹನಿ. ನನಗೆ ಮೊದಲ ಸಲ ಬಂದಾಗ ಡಾಕ್ಟರು ಐದು ದಿನಕ್ಕೆ ಹತ್ತು ಮಾತ್ರೆ ಬರೆದರು. ನಾಲ್ಕು ನುಂಗುವಷ್ಟರಲ್ಲಿ ಉರಿ ನಿಂತಿತು. ಅದೇ ಹೊತ್ತಿಗೆ ಪಕ್ಕದ ಮಷೀನಿನವಳು ತುಟಿ ಕಚ್ಚಿಕೊಂಡು ಕೂತಿದ್ದಳು. ಉಳಿದ ಆರನ್ನು ಅವಳಿಗೆ ಕೊಟ್ಟೆ. ಅವಳು ಮೂರು ನುಂಗಿ, ಮೂರನ್ನು ಗುಂಡಿಯ ತೂತಿಗೆ ಕಾಜಾ ಹಾಕುವವಳಿಗೆ ದಾಟಿಸಿದಳು. ಶುರುವಾದದ್ದು ಹಾಗೆ. ಗುಂಡಿ ತುಂಬಿಕೊಂಡು ಬರುತ್ತಿದ್ದ ತಗಡಿನ ಡಬ್ಬಿಯೊಂದನ್ನು ನಾನೇ ತೊಳೆದು, ಒಣಗಿಸಿ, ಇಸ್ತ್ರಿ ಮೇಜಿನ ಕೆಳಗಿಟ್ಟೆ. ಅದಕ್ಕೆ ಇದ್ದದ್ದು ಒಂದೇ ಕಾಯಿದೆ, ಅದನ್ನು ಮಾಡಿದವಳೂ ನಾನೇ: ಉರಿ ನಿಂತರೆ ಡಬ್ಬಿಗೆ. ಡಾಕ್ಟರ ಹತ್ತಿರ ಹೋಗಿ ಮಾತ್ರೆ ತಂದವಳು ಉರಿ ನಿಂತ ಕೂಡಲೇ ನಿಲ್ಲಿಸಿ, ಉಳಿದದ್ದನ್ನು ಡಬ್ಬಿಗೆ ಹಾಕಬೇಕು. ಉರಿ ಬಂದವಳು ಅದರಿಂದ ಎರಡೋ ಮೂರೋ ತೆಗೆದುಕೊಳ್ಳಬೇಕು. ಬಿಳಿಯದು, ಹಳದಿಯದು, ಅರ್ಧ ಕೆಂಪು ಅರ್ಧ ನೀಲಿಯದು, ಎಲ್ಲವೂ ಅದರಲ್ಲಿ ಅಕ್ಕತಂಗಿಯರ ಹಾಗೆ ಕೂಡಿ ಬಿದ್ದಿರುತ್ತಿದ್ದವು.

ಡಬ್ಬಿ ಕಾಯುವ ಕೆಲಸ ಇಸ್ತ್ರಿಯಕ್ಕನದು. ಶರ್ಟುಗಳಿಗೆ ಇಸ್ತ್ರಿ ಮಾಡುವವಳು, ನನಗಿಂತ ಎರಡು ವರ್ಷ ಚಿಕ್ಕವಳು, ನಾಲಿಗೆ ಮಾತ್ರ ಅವಳ ಪೆಟ್ಟಿಗೆಗಿಂತ ಬಿಸಿ. ಒಮ್ಮೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಡಾಕ್ಟರು ಹೇಳಿದರೆಂದು ಹತ್ತಕ್ಕೆ ಹತ್ತೂ ಮಾತ್ರೆ ಮುಗಿಸಿದ್ದಳು. "ಪೂರ್ತಿ ನುಂಗಿದ್ಯಾ? ಶೀಟನ್ನಾದ್ರೂ ಬಿಟ್ಯೋ, ಅದನ್ನೂ ಅಗಿದ್ಯೋ?" ಎಂದು ಇಸ್ತ್ರಿಯಕ್ಕ ಕೇಳಿದಳು. ಸಾಲಿಗೆ ಸಾಲೇ ನಕ್ಕಿತು. ನಾನೂ ನಕ್ಕೆ. ಆ ಹುಡುಗಿ ವಾರವಿಡೀ ತಲೆಯೆತ್ತಲಿಲ್ಲ. ಆಮೇಲೆ ನಮ್ಮ ಸಾಲಿನಲ್ಲಿ ಪೂರ್ತಿ ಮಾತ್ರೆ ನುಂಗುವ ಹೊಟ್ಟೆಬಾಕರು ಯಾರೂ ಹುಟ್ಟಲಿಲ್ಲ. ಹಗೆ, ಬೆಂಕಿ, ರೋಗ, ಇವನ್ನು ಚೂರೂ ಉಳಿಸಬಾರದು ಎಂದು ನನ್ನಜ್ಜಿ ಹೇಳುತ್ತಿದ್ದಳು. ನಾವು ಉಳಿಸುತ್ತಿದ್ದದ್ದು ಮಾತ್ರೆ ಎಂದೇ ನಾನು ತಿಳಿದಿದ್ದೆ.

ಮಗಳು ಬಸುರಿಯಾದದ್ದು ಮದುವೆಯಾದ ಏಳನೇ ವರ್ಷಕ್ಕೆ. ಅಳಿಯ ಸರಕಿನ ಲಾರಿ ಓಡಿಸುತ್ತಾನೆ, ತಿಂಗಳಲ್ಲಿ ಇಪ್ಪತ್ತು ದಿನ ದಾರಿಯ ಮೇಲೆಯೇ. ಹಾಗಾಗಿ ಅವಳು ನನ್ನ ಮನೆಗೆ ಬಂದಿದ್ದಳು. ನನಗೆ ಕೈಕಾಲು ನಿಲ್ಲದಷ್ಟು ಖುಷಿ. ಬೆಳಿಗ್ಗೆ ಅವಳ ಊಟ ಕಟ್ಟುವುದು, ಸಂಜೆ ಕಾಲು ಒತ್ತುವುದು, ನಡುವೆ ಹಳೆಯ ಮೆತ್ತನೆ ಬಟ್ಟೆ ಹುಡುಕಿ ಪುಟ್ಟ ಅಂಗಿ ಹೊಲಿಯುವುದು. ಮಂಜುಗಣ್ಣಿನಲ್ಲಿ ಆರು ಅಂಗಿ ಹೊಲಿದೆ. ಕೊರಳಿಗೆ ಚುಚ್ಚಬಾರದೆಂದು ಯಾವುದಕ್ಕೂ ಕಾಲರು ಇಡಲಿಲ್ಲ.

ಐದು ತಿಂಗಳು ತುಂಬಿದ ವಾರ ಒಂದು ಸಂಜೆ ಅವಳು ಬಂದವಳೇ ಚೀಲ ನೆಲಕ್ಕಿಟ್ಟು ಬಾಗಿಲ ಚೌಕಟ್ಟು ಹಿಡಿದು ನಿಂತಳು. ಆ ನಿಲುವು ನನಗೆ ಗೊತ್ತು. ಅವಳು ಬಾಯಿ ಬಿಡುವ ಮೊದಲೇ ಗೊತ್ತಾಯಿತು.

ಮಾರನೇ ದಿನ ಊಟದ ಹೊತ್ತಿಗೆ ಕಾರ್ಖಾನೆಯ ಗೇಟಿಗೆ ಹೋದೆ. ಇಸ್ತ್ರಿಯಕ್ಕ ಸೆರಗಿನ ಮರೆಯಲ್ಲಿ ಡಬ್ಬಿ ತಂದಳು. ಬಸುರಿಗೆ ಕೊಡಬಹುದೋ ಇಲ್ಲವೋ ಎಂದು ಅಳುಕಿದೆ. ಬಿಳಿಯದು ಏನೂ ಮಾಡುವುದಿಲ್ಲ, ತನ್ನ ಎರಡನೇ ಬಸಿರಿನಲ್ಲಿ ತಾನೂ ತೆಗೆದುಕೊಂಡಿದ್ದೆ ಎಂದಳು. ನಾಲ್ಕು ಆರಿಸಿ ಅಂಗೈಗೆ ಹಾಕಿದಳು. "ನಿನ್ನ ಡಬ್ಬಿ ನಿನ್ನ ಮಗಳನ್ನ ಕೈಬಿಡುತ್ತಾ ಅಕ್ಕಾ?" ಎಂದಳು. ನನ್ನ ಎದೆ ಉಬ್ಬಿತು.

ಮೂರು ಮಾತ್ರೆಗೆ ಉರಿ ನಿಂತಿತು. ಕಾಯಿದೆ ಮಾಡಿದವಳು ನಾನೇ ಅಲ್ಲವೇ, ನಾಲ್ಕನೆಯದನ್ನು ಡಬ್ಬಿಗೆ ಕಳಿಸಿದೆ.

ಹನ್ನೆರಡು ದಿನಕ್ಕೆ ಉರಿ ಮತ್ತೆ ಬಂತು. ಈ ಸಲ ನನಗೆ ಹೆದರಿಕೆಯಾಯಿತು. ಆಸ್ಪತ್ರೆಗೆ ಕರೆದುಕೊಂಡು ಹೋಗುವುದೆಂದು ತೀರ್ಮಾನಿಸಿದೆ. ಆದರೆ ರಜೆ ಸಿಗುವುದಕ್ಕೆ ಎರಡು ದಿನ ಬೇಕಾಯಿತು. ಅಲ್ಲಿಯವರೆಗೆ ಮಗಳು ನರಳುವುದನ್ನು ನೋಡಲಾರದೆ ಡಬ್ಬಿಯಿಂದ ಇನ್ನೂ ನಾಲ್ಕು ತರಿಸಿ ಕೊಟ್ಟೆ. ಕೊನೆಯದನ್ನು ಕೊಟ್ಟದ್ದು ಆಸ್ಪತ್ರೆಗೆ ಹೊರಟ ಬೆಳಿಗ್ಗೆ. ದಾರಿಯಲ್ಲಿ ಸಂಕಟವಾಗದಿರಲಿ ಎಂದು.

ಡಾಕ್ಟರಮ್ಮ ಸಣ್ಣ ವಯಸ್ಸಿನವರು, ನಿಧಾನವಾಗಿ ಮಾತಾಡುವವರು. ಮೂತ್ರ ತೆಗೆದುಕೊಂಡು ಪರೀಕ್ಷೆಗೆ ಇಡುತ್ತೇವೆ, ಒಳಗೆ ಏನಾದರೂ ಇದ್ದರೆ ತಟ್ಟೆಯಲ್ಲಿ ಬೆಳೆಯುತ್ತದೆ, ಯಾವ ಔಷಧಿಗೆ ಸಾಯುತ್ತದೆ ಎಂಬುದೂ ತಿಳಿಯುತ್ತದೆ ಎಂದರು. ಮಗಳ ಮುಖ ನೋಡಿ ಕೇಳಿದರು: "ಇದಕ್ಕೆ ಮೊದಲು ಏನಾದ್ರೂ ಮಾತ್ರೆ ತಗೊಂಡಿದ್ದೀಯಾ?"

"ಇಲ್ಲ" ಎಂದೆ ನಾನು.

ಕೇಳಿದ್ದು ಅವಳನ್ನು. ಅವಳು ತೆರೆದ ಬಾಯಿ ಮುಚ್ಚಿ ನನ್ನ ಕಡೆ ನೋಡಿದಳು. ನಾನು ಗೋಡೆಯ ಮೇಲಿದ್ದ ಮಗುವಿನ ಚಿತ್ರ ನೋಡುತ್ತಿದ್ದೆ. ಡಬ್ಬಿಯ ವಿಷಯ ಬಾಯಿಂದ ಬಾಯಿಗೆ ಹೋಗಿ ಗಡಿಯಾರದ ಕಿವಿಗೆ ಬಿದ್ದರೆ ಡಬ್ಬಿ ಹೋಗುತ್ತದೆ, ಮೂವತ್ತು ಜನಕ್ಕೆ ಅದೊಂದೇ ಆಸರೆ ಎಂದು ಆಮೇಲೆ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದೂ ಸುಳ್ಳಲ್ಲ. ಆದರೆ ಪೂರ್ತಿ ನಿಜ ಇನ್ನೂ ಸಣ್ಣದು: ಮಗಳ ವಯಸ್ಸಿನ ಡಾಕ್ಟರ ಎದುರು ಬೈಸಿಕೊಳ್ಳಲು ನನಗೆ ಇಷ್ಟವಿರಲಿಲ್ಲ.

ಮೂರು ದಿನಕ್ಕೆ ರಿಪೋರ್ಟು ಬಂತು. ಏನೂ ಬೆಳೆದಿಲ್ಲ ಎಂದಿತ್ತು. ಡಾಕ್ಟರಮ್ಮನಿಗೂ ಅದು ಸರಿಯೆನಿಸಲಿಲ್ಲವೇನೋ, ಕಾಗದವನ್ನು ಎರಡು ಸಲ ಓದಿದರು. ನೀರು ಚೆನ್ನಾಗಿ ಕುಡಿಯಬೇಕು, ವಾರಕ್ಕೆ ಮತ್ತೆ ಬಂದು ಪರೀಕ್ಷೆ ಮಾಡಿಸಬೇಕು ಎಂದರು. ಅಷ್ಟರಲ್ಲಿ ಮಗಳ ಉರಿಯೂ ತಗ್ಗಿತ್ತು. ಉರಿ ಇಲ್ಲವಲ್ಲ, ಇನ್ನೊಂದು ರಜೆ ಯಾಕೆ ಹಾಳು ಎಂದವಳೂ ನಾನೇ.

ಮಗಳು ಆ ರಿಪೋರ್ಟಿನ ಮೇಲೆ ಒಂದು ಆಸೆ ಇಟ್ಟುಕೊಂಡಿದ್ದಳು. ಕಾಯಿಲೆ ಎಂದು ಬರೆದಿದ್ದರೆ ಬಸುರಿ ಎಂಬ ಕಾರಣಕ್ಕಾದರೂ ಸರದಿ ತಪ್ಪಿಸಿ ಬಿಲ್ಲೆ ಕೊಡಿ ಎಂದು ಕೇಳಬಹುದೆಂದು. ಕೇಳಿಯೂ ಕೇಳಿದಳಂತೆ. ಗಡಿಯಾರ ಕಾಗದ ತಿರುಗಿಸಿ ಮುರುಗಿಸಿ ನೋಡಿ, "ಏನೂ ಇಲ್ಲ ಅಂತ ಆಸ್ಪತ್ರೆಯವರೇ ಬರೆದಿದ್ದಾರಲ್ಲಮ್ಮ" ಎಂದನಂತೆ. ಮಾತಿನಲ್ಲಿ ವ್ಯಂಗ್ಯವೂ ಇರಲಿಲ್ಲವಂತೆ, ಇದ್ದದ್ದನ್ನು ಓದಿ ಹೇಳಿದ, ಅಷ್ಟೆ. ಆಮೇಲೆ ಅವಳು ಎದ್ದರೆ ಸಾಲಿನವರೂ ತಿರುಗಿ ನೋಡತೊಡಗಿದರು. ಬಸುರಿಯಾದ ಮಾತ್ರಕ್ಕೆ ಮಹಾರಾಣಿಯೇ ಎಂದು ಹಿಂದಿನ ಮಷೀನಿನಿಂದ ಯಾರೋ ಅಂದರಂತೆ. ಅಂದಿನಿಂದ ಊಟದ ಅರ್ಧ ಲೋಟವನ್ನೂ ಅವಳು ಬಿಟ್ಟಳು. ಇದೆಲ್ಲ ನನಗೆ ತಿಳಿದದ್ದು ಎಷ್ಟೋ ಆದ ಮೇಲೆ.

ಆರು ತಿಂಗಳು ತುಂಬಲು ನಾಲ್ಕು ದಿನ ಇದ್ದಾಗ ಮಷೀನಿನ ಮುಂದೆ ಕೂತಿದ್ದಂತೆಯೇ ಅವಳಿಗೆ ಚಳಿ ಹತ್ತಿತು. ಹಲ್ಲು ಕಟಕಟ ಎನ್ನುವ ಚಳಿ. ಸೂಜಿಯ ಕೆಳಗೆ ಕಾಲರು ನೆಟ್ಟಗೆ ಓಡಲಿಲ್ಲ ಎಂದು ನಿಲ್ಲಿಸಿದಳಂತೆ, ಚಳಿ ಎಂದು ಅಲ್ಲ. ಇಸ್ತ್ರಿಯಕ್ಕ ಬಿಸಿ ಬಿಸಿ ಶರ್ಟುಗಳನ್ನು ಅವಳ ಮೈಮೇಲೆ ಹೊದಿಸಿ, ಆಸ್ಪತ್ರೆಗೆ ಸೇರಿಸಿ, ನನಗೆ ಹೇಳಿಕಳಿಸಿದಳು. ನಾನು ಹೋದಾಗ ಮಗಳು ಬಲಗಡೆ ಸೊಂಟದ ಮೇಲೆ ಕೈಯಿಟ್ಟು ಮುದುಡಿ ಮಲಗಿದ್ದಳು. ಸೋಂಕು ಮೂತ್ರಪಿಂಡಕ್ಕೆ ಏರಿದೆ, ಬೇಗ ಹತೋಟಿಗೆ ಬರದಿದ್ದರೆ ಮಗುವಿಗೂ ಅಪಾಯ, ಇವಳಿಗೂ ಅಪಾಯ ಎಂದರು ಡಾಕ್ಟರಮ್ಮ. ಮತ್ತೆ ಮೂತ್ರ ತೆಗೆದರು. ರಿಪೋರ್ಟಿಗೆ ಕಾಯದೆ ಇಂಜೆಕ್ಷನ್ ಶುರು ಮಾಡಿದರು. ಎರಡು ದಿನವಾದರೂ ಜ್ವರ ಜಗ್ಗಲಿಲ್ಲ.

ಮೂರನೇ ದಿನ ಬೆಳಿಗ್ಗೆ ಲ್ಯಾಬಿನವರೊಬ್ಬರು ವಾರ್ಡಿಗೇ ಬಂದರು. ನರೆಗೂದಲಿನ ಹೆಂಗಸು. ಬಿಳಿ ಕೋಟಿನ ಎರಡನೇ ಗುಂಡಿ ಹೋಗಿ ಅಲ್ಲಿ ಪಿನ್ನು ಚುಚ್ಚಿತ್ತು, ಅದು ನನ್ನ ಕಣ್ಣಿಗೆ ಮೊದಲು ಬಿತ್ತು. ಕೈಯಲ್ಲಿದ್ದ ಕಾಗದದಲ್ಲಿ ಹನ್ನೆರಡು ಔಷಧಿಗಳ ಹೆಸರು, ಹತ್ತರ ಮುಂದೆ ಒಂದೇ ಅಕ್ಷರ. ಆ ಅಕ್ಷರವಿದ್ದರೆ ಆ ಔಷಧಿಗೆ ಇದು ಬಗ್ಗುವುದಿಲ್ಲ ಎಂದರ್ಥವಂತೆ. ಹಾಕುತ್ತಿದ್ದ ಇಂಜೆಕ್ಷನ್ನೂ ಆ ಹತ್ತರಲ್ಲಿತ್ತು.

ಅವರು ನನ್ನನ್ನು ಹೊರಗೆ ಕರೆದರು. "ಇದು ಮೊನ್ನೆ ಮೊನ್ನೆ ಬಂದ ಸೋಂಕಿನ ಹಾಗಿಲ್ಲ ಅಮ್ಮ. ಹೋದ ಸಲ ಏನೂ ಬೆಳೀಲಿಲ್ಲ, ಈ ಸಲ ಹೀಗೆ ಬೆಳೆದಿದೆ. ಮೈಯಲ್ಲಿ ಮಾತ್ರೆ ಇದ್ರೆ ರೋಗ ಇದ್ರೂ ತಟ್ಟೆಯಲ್ಲಿ ಬೆಳೆಯಲ್ಲ. ಅವತ್ತು ಬರೋ ಮೊದಲು ಏನು ಕೊಟ್ಟಿದ್ರಿ?"

ಹೇಳಿದೆ. ಅವತ್ತಿನ ನಾಲ್ಕು ಮಾತ್ರೆ, ಅದಕ್ಕೆ ಮೊದಲಿನ ಮೂರು, ಡಬ್ಬಿ, ಡಬ್ಬಿಯ ಕಾಯಿದೆ, ಎಲ್ಲ. ಅವರು ಬೈಯಲಿಲ್ಲ. ಹಾಗೇ ನನ್ನ ಕೈಹಿಡಿದು ಲ್ಯಾಬಿನ ಕಿಟಕಿಯವರೆಗೆ ನಡೆಸಿಕೊಂಡು ಹೋಗಿ, ಒಳಗಿನಿಂದ ಮುಚ್ಚಳ ಹಾಕಿದ ಗಾಜಿನ ತಟ್ಟೆ ತಂದು ತೋರಿಸಿದರು. ಗಂಜಿ ಕೆನೆಗಟ್ಟಿದ ಹಾಗೆ ಏನೋ ಹರಡಿತ್ತು. ಅದರ ಮೇಲೆ ಅಲ್ಲಲ್ಲಿ ಶರ್ಟಿನ ಗುಂಡಿಯಷ್ಟು ಕಾಗದದ ಚೂರುಗಳು. ಒಂದೊಂದರಲ್ಲಿ ಒಂದೊಂದು ಔಷಧಿ ಇರುತ್ತದೆ, ಔಷಧಿ ನಾಟಿದರೆ ಸುತ್ತ ಬಳೆಯ ಹಾಗೆ ಬಯಲಾಗಬೇಕು ಎಂದರು. ಕೆನೆ ಚೂರುಗಳ ಅಂಚಿನವರೆಗೂ ಬಂದು ಮುತ್ತಿಕೊಂಡಿತ್ತು. ಎರಡಕ್ಕೆ ಮಾತ್ರ ಬಳೆ ಇತ್ತು.

"ನೀವು ಹೊಲಿಗೆಯವರು ಅಲ್ವಾ?" ಎಂದರು. "ಹಾಗೇ ಹೇಳ್ತೀನಿ ಕೇಳಿ. ಈ ಬ್ಯಾಕ್ಟೀರಿಯಾದ ಮೈಮೇಲೆ ಕೊಕ್ಕೆ ಇವೆ, ಹುಕ್ಕಿನ ಹಾಗೆ. ಮೂತ್ರದ ದಾರಿಯ ಗೋಡೆಗೆ ಹುಕ್ಕು ಹಾಕ್ಕೊಂಡು ಕೂತುಬಿಡುತ್ತೆ. ಪದೇ ಪದೇ ನೀರು ಹರಿದ್ರೆ ಕೂರೋದಕ್ಕೆ ಮೊದಲೇ ಕೊಚ್ಚಿಕೊಂಡು ಹೋಗಬಹುದು. ನೀವು ಹರಿಸಲಿಲ್ಲ. ಇನ್ನು ಇದರ ಹತ್ರ ಕತ್ತರಿ ಇದೆ. ಔಷಧಿ ಬಂದ್ರೆ ಕತ್ತರಿಸಿ ಹಾಕುತ್ತೆ."

ಎಲ್ಲದರ ಹತ್ತಿರವೂ ಕತ್ತರಿ ಇರುತ್ತದೆಯೇ ಎಂದು ಕೇಳಿದೆ.

"ಇಲ್ಲ. ಸಾವಿರದಲ್ಲಿ ಒಂದರ ಹತ್ರ ಇರುತ್ತೆ. ನೀವು ಮೂರು ಮಾತ್ರೆ ಕೊಟ್ಟು ನಿಲ್ಲಿಸಿದ್ರೆ ಬಡಪಾಯಿಗಳೆಲ್ಲ ಸಾಯ್ತವೆ, ಉರಿ ನಿಲ್ಲುತ್ತೆ. ಉಳಿಯೋದು ಕತ್ತರಿ ಇದ್ದದ್ದು. ಆಮೇಲೆ ಅದರದ್ದೇ ಸಂಸಾರ. ಅಷ್ಟೇ ಅಲ್ಲ ಅಮ್ಮ, ನೀವು ಬಟ್ಟೆ ಅಳತೆಯ ಪೇಪರ್ ಕಟಿಂಗ್ ಒಬ್ಬರಿಂದ ಒಬ್ಬರು ಇಸ್ಕೊಳ್ಳಲ್ವಾ? ಹಾಗೆ ಕತ್ತರಿ ಮಾಡೋ ನಮೂನೇನ ಇವು ಪಕ್ಕದವಕ್ಕೂ ದಾಟಿಸ್ತವೆ. ಬೇರೆ ಜಾತಿ ಹುಳಕ್ಕೂ ಕೊಡ್ತವೆ. ಕೊಡೋದರಲ್ಲಿ ಬಹಳ ಧಾರಾಳ."

ಧಾರಾಳ ಎಂಬ ಮಾತು ನನ್ನ ಎದೆಗೆ ನಾಟಿತು. ನಮ್ಮ ಸಾಲಿನಲ್ಲಿ ನನ್ನ ಬಗ್ಗೆ ಹೇಳುತ್ತಿದ್ದ ಮಾತೇ ಅದು.

ಈ ಕತ್ತರಿ ನಮ್ಮ ಡಬ್ಬಿಯಲ್ಲೇ ತಯಾರಾಯಿತೇ ಎಂದು ಕೇಳಿದೆ. ಹಾಗೆಂದು ಯಾರೂ ಹೇಳಲಾರರು, ಊರಿನಲ್ಲಿ ಮಾತ್ರೆ ಬಿಡಿಬಿಡಿಯಾಗಿ ಮಾರುವ ಅಂಗಡಿಗಳಿವೆ, ಪರೀಕ್ಷೆಯಿಲ್ಲದೆ ಬರೆಯುವ ಡಾಕ್ಟರುಗಳಿದ್ದಾರೆ, ಎಲ್ಲರೂ ಸೇರಿ ಸಾಕಿದ್ದು ಇದು ಎಂದರು. ನನ್ನ ಮುಖ ನೋಡಿ ಹಾಗೆ ಹೇಳಿದರೋ, ನಿಜವಾಗಿಯೂ ಹಾಗೆಯೋ ತಿಳಿಯದು. ಮನೆಗೆ ಮಾರಿ, ಊರಿಗೆ ಉಪಕಾರಿ ಎಂಬ ಗಾದೆ ಇದೆ. ನಾನು ಊರಿಗಾದರೂ ಉಪಕಾರಿಯಾಗಿದ್ದೆನೇ ಎಂಬುದು ಅಂದಿನಿಂದ ಅನುಮಾನ.

ಬಳೆ ಬಿಟ್ಟಿದ್ದ ಎರಡು ಔಷಧಿಗಳಲ್ಲಿ ಒಂದನ್ನು ಡ್ರಿಪ್ಪಿನಲ್ಲಿ ಹಾಕಿದರು. ಜ್ವರ ಇಳಿಯಿತು. ಆದರೆ ಅಷ್ಟರಲ್ಲಿ ನೋವು ಶುರುವಾಗಿತ್ತು, ನಿಲ್ಲಿಸಲು ಅವರು ಮಾಡಿದ್ದೆಲ್ಲ ಸೋತಿತು. ಮಗು ಹುಟ್ಟಿತು. ಹೆಣ್ಣು. ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಒಂದೂವರೆ ದಿನ ಇತ್ತು. ನಾನು ಹೊಲಿದ ಆರು ಅಂಗಿಗಳಲ್ಲಿ ಅತಿ ಚಿಕ್ಕದನ್ನು ತೊಡಿಸಿ ಕಳಿಸಿಕೊಟ್ಟೆವು, ಅದರಲ್ಲೂ ಮೂರು ಪಾಲು ಅಂಗಿಯೇ ಇತ್ತು.

ಅಳಿಯ ಬಂದ. ಎರಡು ದಿನ ಕಾರಿಡಾರಿನಲ್ಲಿ ಕೂತಿದ್ದ. ಮಗಳು ಒಂದು ಮಧ್ಯಾಹ್ನ, ನಾನು ಅವಳ ತಲೆ ಬಾಚುತ್ತಿದ್ದಾಗ ಹೇಳಿದಳು: "ಅಮ್ಮ, ಅವತ್ತು ಡಾಕ್ಟರು ಕೇಳಿದಾಗ ನಾನು ಹೇಳಬೇಕಿತ್ತು."

ನೀನು ಸುಳ್ಳು ಹೇಳಿದೆ ಎಂದಿದ್ದರೆ ಕೇಳಿಸಿಕೊಂಡು ಅಳುತ್ತಿದ್ದೆ. ತಪ್ಪನ್ನು ತನ್ನ ತಟ್ಟೆಗೆ ಬಡಿಸಿಕೊಂಡು ಕೂತಳು. ನಾನು ಬಾಚಣಿಗೆಯಲ್ಲಿ ಸಿಕ್ಕಿದ ಕೂದಲು ಬಿಡಿಸತೊಡಗಿದೆ.

ಮನೆಗೆ ಕಳಿಸುವಾಗ ಡಾಕ್ಟರಮ್ಮ ಎಲ್ಲವನ್ನೂ ಬಿಡಿಸಿ ಹೇಳಿದರು. ಸದ್ಯಕ್ಕೆ ಮೂತ್ರದಲ್ಲಿ ಏನೂ ಇಲ್ಲ. ಆದರೆ ಇಂಥದ್ದು ಮತ್ತೆ ಬರಬಹುದು, ಬಂದರೆ ಔಷಧಿಗೆ ಹೆಚ್ಚು ದಾರಿಯಿಲ್ಲ. ನೀರು ಕುಡಿಯಬೇಕು, ಎರಡು ಮೂರು ಗಂಟೆಗೊಮ್ಮೆ ಹೋಗಲೇಬೇಕು, ಪರೀಕ್ಷೆಯಿಲ್ಲದೆ ಒಂದು ಮಾತ್ರೆಯೂ ಕೂಡದು. ಹೀಗಿದ್ದರೆ ವರ್ಷದ ಮೇಲೆ ಇನ್ನೊಂದು ಮಗುವಿಗೆ ಅಡ್ಡಿಯಿಲ್ಲ. ಮಗಳು ಬೇರೇನನ್ನೂ ಕೇಳಿಸಿಕೊಳ್ಳದವಳ ಹಾಗೆ ಕೊನೆಯ ಮಾತನ್ನಷ್ಟೇ ಇನ್ನೊಮ್ಮೆ ಹೇಳಿಸಿದಳು. ಎರಡು ತಿಂಗಳಿಗೆ ಅವಳು ಕೆಲಸಕ್ಕೆ ಮರಳಬೇಕಿತ್ತು, ಅದೇ ಸಾಲು, ಅದೇ ಮೊಳೆ.

ಅದಕ್ಕೆ ಮೊದಲು ನಾನು ಕಾರ್ಖಾನೆಗೆ ಹೋದೆ. ಊಟದ ಹೊತ್ತಿನಲ್ಲಿ ಸಾಲಿನವರನ್ನೆಲ್ಲ ಇಸ್ತ್ರಿ ಮೇಜಿನ ಸುತ್ತ ಕೂರಿಸಿ, ಲ್ಯಾಬಿನವರು ಹೇಳಿದ್ದನ್ನೆಲ್ಲ ಹೇಳಿದೆ. ಹುಕ್ಕು, ಕತ್ತರಿ, ಪೇಪರ್ ಕಟಿಂಗ್, ಬಳೆ. ನನ್ನ ಸುಳ್ಳನ್ನೂ ಹೇಳಿದೆ. ಕೆಲವರು ಕಣ್ಣೊರೆಸಿಕೊಂಡರು. ಹಿಂದೆ ಪೂರ್ತಿ ಮಾತ್ರೆ ನುಂಗಿ ನಗೆಪಾಟಲಾದವಳು ಎದುರಿಗೇ ಇದ್ದಳು. ಅವಳ ಹತ್ತಿರವೂ ಕ್ಷಮೆ ಕೇಳಿದೆ. "ಬಿಡಿ ಅಕ್ಕ, ಆಮೇಲೆ ನಾನೂ ನಿಮ್ಮ ಹಾಗೇ ಆದೆನಲ್ಲ" ಎಂದಳು. ನಾನು ಡಬ್ಬಿಗೆ ಕೈ ನೀಡಿದೆ. ಇಸ್ತ್ರಿಯಕ್ಕ ಅದರ ಮೇಲೆ ಕೈಯಿಟ್ಟಳು.

"ಹೇಳಿದ್ದೆಲ್ಲ ಸರಿ ಅಕ್ಕ. ಡಬ್ಬಿ ತಗೊಂಡು ಹೋಗು, ಬೇಡ ಅನ್ನಲ್ಲ. ನಾಳೆ ಉರಿ ಬಂದವಳು ಏನು ಮಾಡಬೇಕು? ಪರೀಕ್ಷೆ ಅಂದ್ರೆ ಎರಡು ದಿನ ರಜೆ. ನೀರು ಕುಡೀರಿ ಅಂತೀಯ. ಕುಡಿದು ಎಲ್ಲಿಗೆ ಹೋಗೋದು? ಇನ್ನೊಂದು ಬಿಲ್ಲೆ ತಂದುಕೊಡು, ಈಗಲೇ ಡಬ್ಬಿ ನಿನ್ನ ಕೈಗೆ ಕೊಡ್ತೀನಿ."

ನಾನು ನೇರ ಗಡಿಯಾರದ ಮೇಜಿಗೆ ಹೋದೆ. ಅವನು ಎದ್ದು ನಿಂತ, ಕುರ್ಚಿ ಕೊಟ್ಟ, ಮೊಮ್ಮಗಳ ವಿಷಯಕ್ಕೆ ನಾಲ್ಕು ಒಳ್ಳೆಯ ಮಾತಾಡಿದ. ಅವನಿಗೂ ಮನೆಯಲ್ಲಿ ಎರಡು ಹೆಣ್ಣುಮಕ್ಕಳು. ಸಾಲಿಗೆ ಇನ್ನೊಂದು ಬಿಲ್ಲೆ ಕೊಡಿ ಎಂದೆ. ಅವನು ಗಡಿಯಾರ ನೋಡಲಿಲ್ಲ, ನನ್ನನ್ನೇ ನೋಡಿದ.

"ಕಾಲರಕ್ಕ, ಮೇಲಿನವರು ಕೇಳಿದ್ರೆ ನಾನೇನು ಹೇಳಲಿ? ಇಪ್ಪತ್ತೆರಡು ವರ್ಷ ಒಂದೇ ಬಿಲ್ಲೇಲಿ ನೀವೇ ಮಾಡಿ ತೋರಿಸಿದ್ರಿ. ನಿಮ್ಮ ಜಗ್ಗಿನ ಫೋಟೋ ಇನ್ನೂ ಆಫೀಸಿನಲ್ಲಿದೆ. ಹೊಸಬರು ಬಂದ್ರೆ ತೋರಿಸ್ತೀವಿ."

ಆ ಫೋಟೋ ಹೌದು, ಇತ್ತು. ಜಗ್ಗು ಹಿಡಿದು ನಿಂತು ಹಲ್ಲು ಬಿಟ್ಟ ನಾನು.

ಮನೆಗೆ ಬಂದು ಪಾತ್ರೆ ತೊಳೆದೆ, ಬಟ್ಟೆ ಒಣಹಾಕಿದೆ. ಆಮೇಲೆ ಹಳೆಯ ತರಕಾರಿ ಹೆಚ್ಚುವ ಮಣೆಯನ್ನು ಬೀದಿ ಕೊನೆಯ ಬಡಗಿಯ ಹತ್ತಿರ ಒಯ್ದೆ. ಅಳತೆ ಕೊಡಬೇಕಾಗಲಿಲ್ಲ. ಇಪ್ಪತ್ತೆರಡು ವರ್ಷ ಕಣ್ಣಿಟ್ಟು ನೋಡಿದ ತುಂಡು ಅದು, ಸೀಮೆಸುಣ್ಣದಲ್ಲಿ ಗೆರೆ ಎಳೆದುಕೊಟ್ಟೆ. ಕೊಯ್ದುಕೊಟ್ಟ. ಮನೆಯಲ್ಲಿ ಉಜ್ಜಿ ನಯ ಮಾಡಿ ಕೆಂಪು ಬಣ್ಣ ಬಳಿದೆ. ಅಸಲಿಯದರ ಎಡ ಅಂಚಿನಲ್ಲಿ ಉಗುರಿನಷ್ಟು ಬಣ್ಣ ಹಾರಿತ್ತು, ಇದರಲ್ಲೂ ಅಷ್ಟನ್ನೇ ಕೆರೆದೆ. ಎಷ್ಟೋ ಕೊರಳ ಬೆವರಿನಿಂದ ದಾರ ಕಪ್ಪಾಗಿತ್ತು, ಚಹಾ ಡಿಕಾಕ್ಷನ್ನಿನಲ್ಲಿ ಅದ್ದಿ ಅದನ್ನೂ ಸರಿಮಾಡಿದೆ. ಇಷ್ಟು ಮನಸ್ಸಿಟ್ಟು ಯಾವ ಕಾಲರನ್ನೂ ನಾನು ಕೂರಿಸಿರಲಿಲ್ಲ.

ಮಗಳು ಕೆಲಸಕ್ಕೆ ಹೋದ ಮೊದಲ ದಿನ ಅದು ಅವಳ ಊಟದ ಚೀಲದಲ್ಲಿ ಹೋಯಿತು. ಸಂಜೆ ಅದೇ ಚೀಲದಲ್ಲಿ ಗುಂಡಿ ಡಬ್ಬಿ ಬಂತು. ಇಸ್ತ್ರಿಯಕ್ಕ ಮಾತು ತಪ್ಪುವವಳಲ್ಲ. ಮಾತ್ರೆಗಳನ್ನೆಲ್ಲ ಲ್ಯಾಬಿನವರ ಕೈಗೆ ಒಪ್ಪಿಸಿ, ಡಬ್ಬಿಯನ್ನು ಕುದಿಯುವ ನೀರಿನಲ್ಲಿ ತೊಳೆದು, ಅದರಲ್ಲಿ ಗುಂಡಿಯನ್ನೇ ತುಂಬಿಟ್ಟೆ.

ಒಂದು ಬಿಲ್ಲೆ ಮೊಳೆಯಲ್ಲಿ ತೂಗುತ್ತಿದ್ದಾಗ ಇನ್ನೊಂದು ಯಾರದೋ ಮಡಿಲಲ್ಲಿರುತ್ತಿತ್ತು. ಬಾಗಿಲು ದಾಟಿದ ಮೇಲೆ ಕೊರಳಿಗೆ ಬೀಳುತ್ತಿತ್ತು. ದಿನಾ ಬೆಳಿಗ್ಗೆ ಬಹುಮಾನದ ಜಗ್ಗಿನಿಂದ ಮಗಳ ಬಾಟಲಿ ತುಂಬಿಸಿ ಕೊಡುತ್ತಿದ್ದೆ. ಸಂಜೆ ಬಾಟಲಿ ಖಾಲಿ ಬರುತ್ತಿತ್ತು. ಖಾಲಿ ಬಾಟಲಿಯನ್ನು ಕೈಯಲ್ಲಿ ಹಿಡಿದು ಅಷ್ಟು ಸಂತೋಷಪಟ್ಟ ತಾಯಿ ಇನ್ನೊಬ್ಬಳು ಇರಲಾರಳು. "ಅಮ್ಮ, ಇವತ್ತು ನಾಲ್ಕು ಸಲ ಹೋದೆ" ಎಂದು ಮಗಳು ಶಾಲೆಯ ಅಂಕ ಹೇಳುವವಳಂತೆ ಹೇಳುತ್ತಿದ್ದಳು. ಹನ್ನೊಂದು ದಿನ ಹೀಗೆ ನಡೆಯಿತು.

ಹನ್ನೆರಡನೇ ದಿನ ಮಗಳು ಬಾತ್‌ರೂಮಿನಿಂದ ಬರುತ್ತಿದ್ದಳು, ಕಾಜಾ ಹಾಕುವವಳು ಹೋಗುತ್ತಿದ್ದಳು, ಇಬ್ಬರ ಕೊರಳಲ್ಲೂ ಬಿಲ್ಲೆ. ನಡುವೆ ಗಡಿಯಾರ. ಎರಡನ್ನೂ ಬಿಚ್ಚಿಸಿ ಅಕ್ಕಪಕ್ಕ ಹಿಡಿದು ನೋಡಿದನಂತೆ. ತಿರುಗಿಸಿ ನೋಡಿದ, ತೂಕ ನೋಡಿದ, ದಾರ ಮೂಸಿಯೂ ನೋಡಿದ. ಯಾವುದು ಅಸಲಿ ಎಂದು ತಿಳಿಯಲಿಲ್ಲ. ಎರಡನ್ನೂ ಜೇಬಿಗೆ ಹಾಕಿಕೊಂಡ. ಆ ದಿನ ಮಧ್ಯಾಹ್ನದಿಂದ ಬಿಲ್ಲೆಯೇ ಇರಲಿಲ್ಲ.

ಮರುವಾರ ಹಿತ್ತಾಳೆಯ ಒಂದೇ ಬಿಲ್ಲೆ ಬಂತು. ಕಾರ್ಖಾನೆಯ ಮುದ್ರೆ ಒತ್ತಿದ್ದು, ಯಾವ ಬಡಗಿಯೂ ಕೊಯ್ದುಕೊಡಲಾಗದ್ದು. ಜೊತೆಗೆ ಹೋದ ಹೊತ್ತು, ಬಂದ ಹೊತ್ತು ಬರೆಯಲು ಒಂದು ಪುಸ್ತಕ. ಮಗಳನ್ನು ಕೆಲಸದಿಂದ ತೆಗೆಯಲಿಲ್ಲ. ಕಾಲರಕ್ಕನ ಮಗಳು ಎಂದು ಬಿಟ್ಟರಂತೆ.

ಅದರ ಮುಂದಿನ ರಜೆಯ ದಿನ ನಾನು ಬೇಳೆ ಆರಿಸುತ್ತ ಕೂತಿದ್ದೆ. ಇಸ್ತ್ರಿಯಕ್ಕ ಬಂದಳು. ನೀರು ಕೊಟ್ಟರೆ ಅಭ್ಯಾಸಬಲದಿಂದ ಎರಡು ಗುಟುಕಿಗೆ ನಿಲ್ಲಿಸಿದಳು. ಆಮೇಲೆ ನಕ್ಕು, ಇವತ್ತು ರಜೆ ಅಲ್ಲವೇ ಎಂದು ಪೂರ್ತಿ ಕುಡಿದಳು. ಸ್ವಲ್ಪ ಹೊತ್ತು ಅದು ಇದು ಮಾತಾಡಿ, ಡಬ್ಬಿ ಕೊಡು ಎಂದಳು.

ನಾನು ಕೊಡುವುದಿಲ್ಲ ಎಂದೆ. ಅಷ್ಟೆಲ್ಲ ಹೇಳಿದ ಮೇಲೂ ಹೇಗೆ ಕೇಳುತ್ತೀಯ ಎಂದೆ. ಮೊಮ್ಮಗಳ ಹೆಸರು ಎತ್ತಲು ಬಾಯಿ ಬರಲಿಲ್ಲ, ಅವಳಿಗೆ ಹೆಸರೂ ಇಟ್ಟಿರಲಿಲ್ಲ.

ಇಸ್ತ್ರಿಯಕ್ಕ ಜಗಳಕ್ಕೆ ಬರಲಿಲ್ಲ. ಸಾಲಿನಲ್ಲಿ ನಾಲ್ವರಿಗೆ ಉರಿ ಶುರುವಾಗಿದೆ, ಇಬ್ಬರು ನಿನ್ನೆ ಅಳುತ್ತ ಹೊಲಿದರು, ಡಬ್ಬಿ ಇಲ್ಲದಿದ್ದರೂ ಅವರು ಅಂಗಡಿಯಿಂದ ಎರಡೆರಡು ಬಿಡಿ ಮಾತ್ರೆ ತಂದು ನುಂಗುತ್ತಾರೆ ಎಂದಳು. "ನೀನು ಹೇಳಿದ ಹುಕ್ಕು, ಕತ್ತರಿ ಎಲ್ಲ ಎಲ್ಲರಿಗೂ ನೆನಪಿದೆ ಅಕ್ಕ. ಒಂದು ಅಕ್ಷರ ಮರೆತಿಲ್ಲ. ತಿಳೀದೆ ನುಂಗ್ತಿದ್ವಿ, ಈಗ ತಿಳಿದು ನುಂಗ್ತೀವಿ."

ಒಳಗಿನಿಂದ ಮಗಳು ಬಂದಳು. ಕಪಾಟಿನ ಮೇಲಿಂದ ಡಬ್ಬಿ ಇಳಿಸಿ, ಅದರಲ್ಲಿದ್ದ ಗುಂಡಿಗಳನ್ನು ನನ್ನ ಬೇಳೆಯ ಮೊರದ ಪಕ್ಕ ಸುರಿದಳು. ನಾನು ಅವಳ ಕೈಹಿಡಿದೆ.

"ಕೊಡು ಅಮ್ಮ" ಎಂದಳು. "ಇನ್ನೊಂದು ಬಿಲ್ಲೆ ಅಂತೂ ಹೋಯ್ತು, ಡಬ್ಬಿಯಾದ್ರೂ ಇರಲಿ."

ಅವಳ ಕೈ ಬಿಸಿಯಾಗಿತ್ತು. ಒಲೆಯ ಹತ್ತಿರ ಇದ್ದಳಲ್ಲ, ಅದಕ್ಕಿರಬೇಕು ಎಂದುಕೊಂಡೆ. ನಿನಗೆ ಉರಿ ಇದೆಯೇ ಎಂದು ಕೇಳಿದೆ. ಇಲ್ಲ ಎಂದಳು. ಆಸ್ಪತ್ರೆಯಲ್ಲಿ ನಾನು ಹೇಳಿದಷ್ಟೇ ಬೇಗ ಹೇಳಿದಳು, ಗೋಡೆಯ ಕಡೆ ನೋಡಿಕೊಂಡು.

ಮಾರನೇ ದಿನವೇ ಅವಳನ್ನು ಎಳೆದುಕೊಂಡು ಹೋಗಿ ಪರೀಕ್ಷೆ ಮಾಡಿಸುತ್ತೇನೆ ಎಂದು ಹಟ ಹಿಡಿದೆ. ರಜೆ ಕೇಳುತ್ತೇನೆ, ಸಿಕ್ಕ ದಿನ ಹೋಗೋಣ ಎಂದಳು. ಬೆಳಿಗ್ಗೆ ಎಂದಿನಂತೆ ಹೊರಟಳು. ಜಗ್ಗಿನಿಂದ ಬಾಟಲಿ ತುಂಬಿಸಿ ಚೀಲದಲ್ಲಿಟ್ಟೆ, ಮುಚ್ಚಳ ಬಿಗಿಯಾಗಿದೆಯೇ ಎಂದು ನೋಡಿದೆ, ಬೀದಿ ತಿರುಗುವವರೆಗೆ ಬಾಗಿಲಲ್ಲಿ ನಿಂತೆ.

ಸಂಜೆ ಅವಳು ಬಂದು ಕಾಲು ತೊಳೆಯಲು ಹೋದಾಗ ಚೀಲ ಎತ್ತಿದೆ. ತೆರೆದು ನೋಡಬೇಕಾಗಿರಲಿಲ್ಲ, ತೂಕದಲ್ಲೇ ತಿಳಿಯಿತು. ಬಾಟಲಿಯ ನೀರನ್ನು ಮತ್ತೆ ಜಗ್ಗಿಗೆ ಸುರಿದೆ. ಬೆಳಿಗ್ಗೆ ಎಲ್ಲಿತ್ತೋ ಅಲ್ಲಿಗೇ, ಕೊರೆದ ಹೆಸರು ಒಳಗಡೆ ಮೂಡಿದ್ದ ಗೆರೆಗೇ ಬಂದು ನಿಂತಿತು.